ಯಾವ ವಯಸ್ಸಿನಲ್ಲಿ ಯಾರಿಗಾಗಿ ಅಳುತ್ತೇವೆ?

(ಹೊನ್ನವಳ್ಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಜೀವ ಕೊಟ್ಟವನೂ ಅವನೇ, ಹಿಂದಕ್ಕೆ ಪಡೆಯುವವನೂ ಅವನೇ. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ.



2021ರ ಅಕ್ಟೋಬರ್ 29 ನಿಮಗೆ ನೆನಪಿರಬಹುದು. ಅಂದೂ ಶುಕ್ರವಾರ. ಜುಮಾ ಮುಗಿಸಿ ಹೊರಗೆ ಬಂದ ನಾವು ಇನ್ನೂ ಮಾತಾಡಿಕೊಂಡು ನಿಂತಿರುವಾಗಲೇ ಒಬ್ಬೊಬ್ಬರ ಫೋನೂ ಸದ್ದು ಮಾಡತೊಡಗಿತು. ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಿದ್ದರು. ವಯಸ್ಸು ಬರೀ 46. ಅಂದು ನಮ್ಮ ಹುಡುಗನೊಬ್ಬ ಮಸೀದಿಯ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ. ಹದಿನೆಂಟರ ಹುಡುಗ. ನಾವು ಏನು ಮಾಡಿದೆವು? ಬೈದೆವು. "ಸಿನಿಮಾದವನಿಗೆ ಅಳ್ತೀಯೇನೋ? ನಿಮ್ಮ ದಾದಾ ತೀರಿಕೊಂಡಾಗ ಇಷ್ಟು ಅತ್ತಿದ್ಯಾ?" ಎಂದೆವು. ಅವನು ಕಣ್ಣೊರೆಸಿಕೊಂಡು ಹೊರಟುಹೋದ. ಆಮೇಲೆ ಎಷ್ಟೋ ಶುಕ್ರವಾರ ಅವನು ಸಾಲಿನಲ್ಲಿ ಕಾಣಲಿಲ್ಲ. ವಿಚಾರಿಸಿದಾಗ ಅವನ ತಂದೆ, "ಮಸೀದಿಗೆ ಹೋದ್ರೆ ಬೈತಾರೆ ಅಬ್ಬಾ ಅಂತಾನೆ" ಎಂದರು. ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಅದಕ್ಕೇ ಇಂದು ಈ ವಿಷಯ ಎತ್ತಿಕೊಂಡಿದ್ದೇವೆ.

ಬೈದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ನಾವು ನಮ್ಮ ಪ್ರಾಯವನ್ನು ಮರೆತಿದ್ದೆವು. 1980ರ ಜುಲೈ 31ರಂದು ಮುಂಬಯಿಯಲ್ಲಿ ಮುಹಮ್ಮದ್ ರಫಿ ಸಾಹೇಬರು ತೀರಿಕೊಂಡರು. ಅವರಿಗೆ 55 ವರ್ಷ. ಅದು ರಮಝಾನ್ ತಿಂಗಳು. ಅಂದು ಇದೇ ಹಿರಿಯರು ಹುಡುಗರಾಗಿದ್ದರು, ರೇಡಿಯೊ ಮುಂದೆ ಕೂತು ಅತ್ತಿದ್ದರು. ಅವರ ಅಬ್ಬಾಂದಿರೂ ಹೀಗೇ ಗದರಿದ್ದಿರಬೇಕು. ಬೈಸಿಕೊಂಡವರೇ ಬೆಳೆದು ಬೈಯುವವರಾಗುತ್ತೇವೆ. ನಮ್ಮ ಮನೆಗಳಲ್ಲಿ ಇದೊಂದು ಸಾಲವಿದ್ದ ಹಾಗೆ, ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಾ ಬಂದಿದ್ದೇವೆ.

ಸಹೋದರರೇ, ಹೆಸರುವಾಸಿಯಾದ ಒಬ್ಬರು ತೀರಿಕೊಂಡಾಗ ಸುದ್ದಿ ಒಂದೇ, ಆದರೆ ಒಂದೇ ಮನೆಯಲ್ಲಿ ಅದನ್ನು ನಾಲ್ಕು ವಯಸ್ಸಿನವರು ನಾಲ್ಕು ಬಗೆಯಲ್ಲಿ ಕೇಳಿಸಿಕೊಳ್ಳುತ್ತಾರೆ. ಚಿಕ್ಕ ಮಗು, ಟಿವಿಯಲ್ಲಿ ಕಾಣುತ್ತಿದ್ದವರೂ ಸಾಯುತ್ತಾರೆಯೇ ಎಂದು ಬೆರಗಾಗುತ್ತದೆ. ಹದಿಹರೆಯದವನಿಗೆ ತಾನು ಯಾರಂತೆ ಆಗಬೇಕೆಂದುಕೊಂಡಿದ್ದನೋ ಅವರೇ ಇಲ್ಲವಾದಂತೆ. ನಲವತ್ತರ ಆಚೀಚೆಯವರಿಗೆ ಅದು ಭಯ. ಪುನೀತ್ ತೀರಿಕೊಂಡ ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಇನ್ನು ಮುದಿವಯಸ್ಸಿನವರು ಪತ್ರಿಕೆ ಮಡಿಚಿಟ್ಟು ಸುಮ್ಮನಾಗುತ್ತಾರೆ. ತಮ್ಮ ಕಾಲವನ್ನು ಬಲ್ಲವರಲ್ಲಿ ಇನ್ನೊಬ್ಬರು ಕಡಿಮೆಯಾದರು ಎಂಬುದು ಅವರ ನೋವು. ಅದನ್ನು ಯಾರಿಗೆ ಹೇಳುವುದು? ಮೊಮ್ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ.

ಈ ವ್ಯತ್ಯಾಸ ಇಂದಿನದಲ್ಲ. ಹಿಜರಿ 11ರಲ್ಲಿ ನಮ್ಮ ಪ್ರವಾದಿವರ್ಯರು(ಸ) ಈ ಲೋಕದಿಂದ ತೆರಳಿದ ದಿನವನ್ನು ನೆನೆಯಿರಿ. ಅದಕ್ಕಿಂತ ದೊಡ್ಡ ಅಗಲಿಕೆ ಈ ಸಮುದಾಯಕ್ಕೆ ಇನ್ನೊಂದಿಲ್ಲ. ಹ. ಅನಸ್(ರ) ಹತ್ತನೆಯ ವಯಸ್ಸಿಗೆ ಪ್ರವಾದಿ(ಸ)ರ ಸೇವೆಗೆ ಬಂದವರು, ಆಗ ಇಪ್ಪತ್ತರ ಯುವಕ. ಪ್ರವಾದಿ(ಸ) ಮದೀನಾಕ್ಕೆ ಬಂದ ದಿನ ಎಲ್ಲವೂ ಬೆಳಗಿತ್ತು, ಅವರು ತೀರಿಕೊಂಡ ದಿನ ಎಲ್ಲವೂ ಕತ್ತಲಾಯಿತು ಎಂದು ಅವರು ನೆನಪಿಸಿಕೊಳ್ಳುತ್ತಿದ್ದರು. ಯುವಕನ ದುಃಖ ಹಾಗೆಯೇ, ಇಡೀ ಊರನ್ನೇ ಕತ್ತಲಾಗಿಸುತ್ತದೆ. ಗಟ್ಟಿಗರಾದ ಹ. ಉಮರ್(ರ) ಆ ಸುದ್ದಿಯನ್ನು ನಂಬಲೇ ಇಲ್ಲ, ಸುದ್ದಿ ಹೇಳಿದವರ ಮೇಲೆ ಸಿಟ್ಟಾದರು. ಅರವತ್ತರ ಆಸುಪಾಸಿನ ಹ. ಅಬೂಬಕರ್(ರ) ಒಳಗೆ ಹೋಗಿ, ಪ್ರವಾದಿ(ಸ)ರ ಮುಖದ ಮೇಲಿನ ಬಟ್ಟೆ ಸರಿಸಿ, ಮುತ್ತಿಟ್ಟು, ಅತ್ತು, ಆಮೇಲೆ ಹೊರಗೆ ಬಂದು ಜನರೆದುರು ನಿಂತರು. ಮುಹಮ್ಮದರನ್ನು(ಸ) ಆರಾಧಿಸುತ್ತಿದ್ದವರು ತಿಳಿಯಲಿ, ಅವರು ತೀರಿಕೊಂಡಿದ್ದಾರೆ. ಅಲ್ಲಾಹನನ್ನು ಆರಾಧಿಸುತ್ತಿದ್ದವರು ತಿಳಿಯಲಿ, ಅವನಿಗೆ ಮರಣವಿಲ್ಲ ಎಂಬ ಅರ್ಥದ ಮಾತು ಹೇಳಿದರು. ಆಲು ಇಮ್ರಾನ್ ಅಧ್ಯಾಯದ 144ನೇ ಸೂಕ್ತ ಓದಿದರು. ಅದನ್ನು ಕೇಳಿದ ಉಮರ್(ರ)ರಿಗೆ ಕಾಲು ನಿಲ್ಲದೆ ನೆಲಕ್ಕೆ ಕುಸಿದರು.

ಇನ್ನೊಬ್ಬರಿದ್ದರು, ಉಮ್ಮು ಐಮನ್(ರ). ಪ್ರವಾದಿ(ಸ)ರನ್ನು ಚಿಕ್ಕಂದಿನಲ್ಲಿ ಸಾಕಿದ ವೃದ್ಧೆ. ಪ್ರವಾದಿ(ಸ) ತೀರಿಕೊಂಡ ಬಳಿಕ ಅಬೂಬಕರ್(ರ) ಮತ್ತು ಉಮರ್(ರ) ಇಬ್ಬರೂ ಅವರ ಮನೆಗೆ ಹೋದರು. ಆ ತಾಯಿ ಅತ್ತರು. ಅಲ್ಲಾಹನ ಬಳಿ ಪ್ರವಾದಿ(ಸ)ರಿಗೆ ಇರುವುದೇ ಉತ್ತಮವಲ್ಲವೇ ಎಂದು ಇವರು ಕೇಳಿದಾಗ, ಅದು ತನಗೆ ಗೊತ್ತು, ಆಕಾಶದಿಂದ ದಿವ್ಯವಾಣಿ ಬರುವುದು ನಿಂತುಹೋಯಿತಲ್ಲ ಎಂದು ಅಳುತ್ತಿದ್ದೇನೆ ಎಂದರು. ಅದನ್ನು ಕೇಳಿ ಅವರಿಬ್ಬರೂ ಜೊತೆಗೆ ಅತ್ತರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ಇದೆ.

ಗಮನಿಸಿ. ಒಂದೇ ಮರಣಕ್ಕೆ ಒಬ್ಬರಿಗೆ ಕತ್ತಲು, ಒಬ್ಬರಿಗೆ ಸಿಟ್ಟು, ಒಬ್ಬರಿಗೆ ಹೊಣೆ, ಒಬ್ಬರಿಗೆ ಮೌನದ ಅಳು. ಅಬೂಬಕರ್(ರ) ಉಮರ್(ರ)ರನ್ನು ಗೇಲಿ ಮಾಡಲಿಲ್ಲ, ಸತ್ಯವನ್ನು ನೆನಪಿಸಿದರು. ಉಮ್ಮು ಐಮನ್(ರ)ರನ್ನು ಯಾರೂ ಗದರಲಿಲ್ಲ, ಮನೆಗೆ ಹೋಗಿ ಜೊತೆಗೆ ಕೂತರು. ದುಃಖದ ಮನೆಯಲ್ಲಿ ನಡೆದುಕೊಳ್ಳುವ ರೀತಿ ಇದು.

ನಮ್ಮದು ತೆಂಗಿನ ಸೀಮೆ. ಎಳನೀರಿನ ಬುರುಡೆಗೆ ಮಚ್ಚು ತಾಗಿದರೆ ಸಾಕು, ನೀರು ಹೊರಗೆ ಚಿಮ್ಮುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ಕಾಯಲ್ಲಿ ನೀರು ಬತ್ತಿರುತ್ತದೆ, ಒಡೆದರೂ ಒಂದು ತೊಟ್ಟು ಬೀಳುವುದಿಲ್ಲ. ಹಾಗೆಂದು ಅದರೊಳಗೆ ಏನೂ ಇಲ್ಲವೇ? ಎಣ್ಣೆಯೆಲ್ಲ ಇರುವುದು ಆ ಕೊಬ್ಬರಿಯಲ್ಲೇ. ಮಕ್ಕಳೇ, ದಾದಾ, ನಾನಿಯರ ಕಣ್ಣಲ್ಲಿ ನೀರಿಲ್ಲವೆಂದು ಅವರಿಗೆ ದುಃಖವಿಲ್ಲ ಎನ್ನಬೇಡಿ. ಹಿರಿಯರೇ, ಎಳೆಯರ ಕಣ್ಣೀರು ಕಂಡು ಅದು ಹಗುರವೆನ್ನಬೇಡಿ.

ಅಳುವುದು ಈಮಾನಿನ ಕೊರತೆಯಲ್ಲ. ಪ್ರವಾದಿ(ಸ)ರು ಅರವತ್ತು ದಾಟಿದ ವಯಸ್ಸಿನಲ್ಲಿ, ಎರಡು ವರ್ಷವೂ ತುಂಬದ ಮಗ ಇಬ್ರಾಹೀಮರನ್ನು ಕಳೆದುಕೊಂಡಾಗ ಅತ್ತರು. ತಾವೂ ಅಳುವುದೇ ಎಂದು ಸಂಗಾತಿ ಕೇಳಿದಾಗ, ಇದು ಕರುಣೆ ಎಂದರು. ಕಣ್ಣು ತುಂಬುತ್ತದೆ, ಮನಸ್ಸು ನೋಯುತ್ತದೆ, ಆದರೆ ನಾಲಗೆ ಪ್ರಭುವಿಗೆ ಮೆಚ್ಚುವುದನ್ನಷ್ಟೇ ಆಡಬೇಕು ಎಂದು ಕಲಿಸಿದರು. ಅದೇ ದಿನ ಸೂರ್ಯಗ್ರಹಣವಾಯಿತು. ಪ್ರವಾದಿ ಪುತ್ರನ ಸಾವಿಗೆ ಸೂರ್ಯನೇ ಮಂಕಾದ ಎಂದು ಜನ ಆಡಿಕೊಂಡರು. ಪ್ರವಾದಿ(ಸ) ಅದನ್ನು ಒಪ್ಪಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ನಿದರ್ಶನಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ತನ್ನ ಮಗುವಿನ ಸಾವಿನ ದಿನವೂ ಅವರು ದುಃಖಕ್ಕೆ ಎಲ್ಲೆ ತೋರಿಸಿದರು.

ಆ ಎಲ್ಲೆ ಮೀರಿದರೆ ಏನಾಗುತ್ತದೆಂದು ನಮ್ಮ ನಾಡು ಕಂಡಿದೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವಗಳು ಹೋದವು. ಪುನೀತ್ ತೀರಿಕೊಂಡಾಗ ಅಭಿಮಾನಿಗಳು ಜೀವ ಕಳೆದುಕೊಂಡ ಸುದ್ದಿಗಳು ಬಂದವು. ಪ್ರೀತಿಯ ಯುವಕರೇ, ನಿಮ್ಮ ಪ್ರಾಣ ಅಲ್ಲಾಹನ ಅಮಾನತ್ತು. ಅದನ್ನು ಯಾರ ಹೆಸರಿನಲ್ಲೂ ಕಳೆಯುವ ಹಕ್ಕು ನಮಗಿಲ್ಲ. ಮನಸ್ಸು ಅಷ್ಟು ಭಾರವಾದರೆ ಮನೆಯಲ್ಲಿ ಹೇಳಿ, ನಮ್ಮ ಬಳಿ ಬನ್ನಿ. ಇನ್ನು ಬೈಯುವುದಿಲ್ಲ.

ಮುಸ್ಲಿಮೇತರರ ಸಾವಿಗೆ ದುಃಖಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಒಬ್ಬ ಯಹೂದಿಯ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತರು. ಅವನು ಯಹೂದಿಯಲ್ಲವೇ ಎಂದವರಿಗೆ, ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ನಮ್ಮದೇ ಜಿಲ್ಲೆಯ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ತೀರಿಕೊಂಡರು. ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಮಠ ಅದು. ಮಕ್ಕಳ ಊಟ ಮುಗಿದ ಮೇಲೆಯೇ ತನ್ನ ಸಾವಿನ ಸುದ್ದಿ ತಿಳಿಸಿ ಎಂದು ಹೇಳಿದ್ದರಂತೆ. ಆ ದಿನ ನೆರೆಮನೆಯವರ ದುಃಖದಲ್ಲಿ ನಾವೂ ಪಾಲುಗೊಂಡೆವು. ಅದು ಸರಿಯಾಗಿಯೇ ಇತ್ತು.

ನಮ್ಮವರನ್ನೂ ನಮ್ಮ ಮಕ್ಕಳಿಗೆ ಪರಿಚಯಿಸಿದ್ದೇವೆಯೇ? 1988ರಲ್ಲಿ ತೀರಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬರ ಹೆಸರು ಹೇಳಿದರೆ ಹಿರಿಯರ ಮುಖ ಅರಳುತ್ತದೆ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿ 'ನೀರ್ ಸಾಬ್' ಎನಿಸಿಕೊಂಡವರು. ಆ ಕೈಪಂಪು ಒತ್ತಿ ನೀರು ಹಿಡಿದ ಹೆಣ್ಣುಮಕ್ಕಳು ಈಗ ಅಜ್ಜಿಯರು. ಅವರ ಮೊಮ್ಮಕ್ಕಳಿಗೆ ಆ ಹೆಸರು ಗೊತ್ತಿಲ್ಲ. ಕವಿ ನಿಸಾರ್ ಅಹಮದ್ 2020ರ ಮೇ 3ರಂದು, ರಮಝಾನಿನಲ್ಲಿ, ಲಾಕ್‌ಡೌನ್ ನಡುವೆ ತೀರಿಕೊಂಡರು. ಜನ ಸೇರಿ ಅವರನ್ನು ಕಳಿಸಿಕೊಡಲೂ ಆಗಲಿಲ್ಲ. ಮಕ್ಕಳು ಅಳುವುದಿಲ್ಲವೆಂದು ದೂರುವ ಮೊದಲು, ಯಾರಿಗಾಗಿ ಅಳಬೇಕೆಂದು ನಾವು ಹೇಳಿಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳೋಣ.

ಆ ಹುಡುಗನ ಮನೆಗೆ ನಾವು ತಡವಾಗಿಯಾದರೂ ಹೋದೆವು. ಮಾತಾಡುತ್ತಾ ಅವನು ಹೇಳಿದ: "ಚಿಕ್ಕವನಿದ್ದಾಗ ದಾದಾ ತೊಡೆ ಮೇಲೆ ಕೂತು ಅವರ ಪಿಕ್ಚರ್ ನೋಡ್ತಿದ್ದೆ. ದಾದಾ ಹೋದಾಗ ಎಲ್ಲರೂ ಗಂಡು ಹುಡುಗ ಅಳಬಾರ್ದು ಅಂದ್ರು. ಅವತ್ತು ದಾದಾ ಇನ್ನೊಂದ್ಸಲ ಹೋದಂಗಾಯ್ತು." ನಮ್ಮ ಪ್ರಶ್ನೆಗೆ ಉತ್ತರ ಅದಾಗಿತ್ತು. ಅವನು ದಾದಾನಿಗೂ ಸೇರಿಸಿಯೇ ಅತ್ತಿದ್ದ. ನಾವು ಕ್ಷಮೆ ಕೇಳಿದೆವು. ಮುಂದಿನ ಶುಕ್ರವಾರ ಅವನು ಬಂದ.

ಆದ್ದರಿಂದ ಸಹೋದರರೇ, ಕೆಲವು ಮಾತು ನೆನಪಿಡೋಣ. ಪತಿಯನ್ನು ಕಳೆದುಕೊಂಡವಳಿಗೆ ನಾಲ್ಕು ತಿಂಗಳು ಹತ್ತು ದಿನ, ಉಳಿದಂತೆ ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಬೇಡ. ಮನಸ್ಸಿನ ನೋವಿಗೆ ಮಾತ್ರ ದಿನದ ಲೆಕ್ಕವಿಲ್ಲ, ಅದಕ್ಕೆ ಸಬ್ರ್ ಮತ್ತು ದುಆ ಇದೆ. ಎದೆ ಬಡಿದುಕೊಳ್ಳುವುದು, ಬಟ್ಟೆ ಹರಿದುಕೊಳ್ಳುವುದು ನಮ್ಮ ರೀತಿಯಲ್ಲ. ತೀರಿಕೊಂಡವರನ್ನು ಫೋನಿನಲ್ಲಿ ಹೀಯಾಳಿಸುವುದೂ ನಮ್ಮ ರೀತಿಯಲ್ಲ. ಸತ್ತವರನ್ನು ನಿಂದಿಸಬೇಡಿ, ಅವರು ತಮ್ಮ ಕರ್ಮದ ಬಳಿಗೆ ತಲುಪಿದ್ದಾರೆಂದು ಪ್ರವಾದಿ(ಸ) ತಡೆದಿದ್ದಾರೆ. ಅವರಲ್ಲಿ ಕಂಡ ಒಂದು ಒಳ್ಳೆಯ ಕೆಲಸವನ್ನು ಎತ್ತಿಕೊಳ್ಳಿ. ಪುನೀತ್ ಸದ್ದಿಲ್ಲದೆ ಮಾಡಿದ ಸಹಾಯಗಳ ಸುದ್ದಿ ಅವರ ಸಾವಿನ ನಂತರವೇ ಹೊರಬಂತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಾವು ಪ್ರತಿ ವರ್ಷ ಕೇಳುತ್ತೇವೆ, ಪಾಲಿಸುವುದು ಎಷ್ಟು?

ಇನ್ನೊಂದು ಮಾತು. ದೂರದ ಹೆಸರುವಾಸಿಗಳಿಗೆ ಸ್ಟೇಟಸ್ ಹಾಕುವ ನಾವು, ನಮ್ಮೂರಿನ ಕಾಯಿ ಸುಲಿಯುವ ಬಡವನ ಜನಾಝಾಕ್ಕೆ ಒಂದೂವರೆ ಸಾಲು ನಿಲ್ಲುತ್ತೇವೆ. ಅವನ ಮಕ್ಕಳಿಗೆ ಅವನೇ ದೊಡ್ಡ ಹೆಸರು. ಮುಂದಿನ ಜನಾಝಾದಲ್ಲಿ ಸಾಲು ಎರಡು ಹೆಚ್ಚಲಿ.

ಇಂದು ರಾತ್ರಿ ಊಟದ ಹೊತ್ತಿಗೆ ಮಕ್ಕಳು ದಾದಾ, ನಾನಿಯರನ್ನು ಕೇಳಲಿ, ಅವರು ಚಿಕ್ಕವರಿದ್ದಾಗ ಯಾರು ತೀರಿಕೊಂಡಾಗ ಅತ್ತಿದ್ದರೆಂದು. ಹಿರಿಯರೂ ಮಕ್ಕಳನ್ನು ಅದನ್ನೇ ಕೇಳಲಿ. ಕೇಳಿ ನಗಬೇಡಿ.

ಓ ಅಲ್ಲಾಹ್, ನಮ್ಮಲ್ಲಿ ಅಗಲಿದವರಿಗೆ ಮಗ್ಫಿರತ್ ನೀಡು. ದುಃಖದಲ್ಲಿರುವವರಿಗೆ ಸಬ್ರ್ ನೀಡು. ನಮ್ಮ ಎಳೆಯರ ಮನಸ್ಸನ್ನು ನಮ್ಮ ನಾಲಗೆಯಿಂದ ಕಾಪಾಡು. ನಮ್ಮ ಸರದಿ ಬಂದಾಗ ಕಲಿಮಾದೊಂದಿಗೆ ನಮ್ಮನ್ನು ಕರೆಸಿಕೋ. ಆಮೀನ್.