ಸಂಘಕ್ಕೆ ಅನುದಾನ: ಹಿಂದೆ ನಿಂತು ದುಡಿಯುವವರು



ನಿಮ್ಮ ಊರಿನಲ್ಲಿ ಒಂದಾದರೂ ಮಹಿಳಾ ಸ್ವಸಹಾಯ ಸಂಘ ಇರಬಹುದು. ನಿಮ್ಮ ತಾಯಿಯೋ ಚಿಕ್ಕಮ್ಮನೋ ಪಕ್ಕದ ಮನೆಯವರೋ ಅದರ ಸದಸ್ಯರಾಗಿರಬಹುದು. ವಾರಕ್ಕೊಮ್ಮೆ ಸೇರುತ್ತಾರೆ, ಉಳಿತಾಯದ ಹಣ ಕಟ್ಟುತ್ತಾರೆ. ಒಂದು ದಿನ 'ಸಂಘಕ್ಕೆ ಸರ್ಕಾರದ ಹಣ ಬಂತು' ಎಂಬ ಸುದ್ದಿ ಕೇಳುತ್ತೀರಿ. ಆ ಹಣ ತಾನಾಗಿಯೇ ಬರುವುದಿಲ್ಲ. ಅದನ್ನು ಪಡೆಯಲು ಸಂಘವನ್ನು ಅಣಿಗೊಳಿಸುವ ಕಾರ್ಯಕರ್ತರು ಹಿಂದೆ ಇರುತ್ತಾರೆ. ಅವರ ಕೆಲಸವೇನು, ಅದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲಿಗೆ ಒಂದು ವ್ಯತ್ಯಾಸ. ಸಾಲವನ್ನು ಹಿಂತಿರುಗಿಸಬೇಕು. ಅನುದಾನವನ್ನು ಹಿಂತಿರುಗಿಸಬೇಕಾಗಿಲ್ಲ, ಆದರೆ ಅದಕ್ಕೆ ಲೆಕ್ಕ ಒಪ್ಪಿಸಬೇಕು. ಕೊಡುವವರು ಕೇಳುವುದು ಮೂರೇ ಪ್ರಶ್ನೆ: ನೀವು ಯಾರು? ನಿಮಗೆ ಏನು ಬೇಕು? ಕೊಟ್ಟ ಹಣ ಏನಾಯಿತು? ಈ ಮೂರಕ್ಕೂ ಕಾಗದದ ಮೇಲೆ ಉತ್ತರ ಕೊಡಲು ಸಂಘಕ್ಕೆ ನೆರವಾಗುವುದೇ ಕಾರ್ಯಕರ್ತರ ಕೆಲಸ.

ಈ ಕಥೆಗೆ ನಮ್ಮ ಕರ್ನಾಟಕದಲ್ಲಿಯೇ ಒಂದು ಹಳೆಯ ಬೇರಿದೆ. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ 'ಮೈರಾಡ' ಸಂಸ್ಥೆಯು ಮುಂದೆ ಗ್ರಾಮೀಣ ಬಡವರ ನಡುವೆ ದುಡಿಯತೊಡಗಿತು. 1984-85ರ ಸುಮಾರಿಗೆ ಅದು ಪ್ರೋತ್ಸಾಹಿಸಿದ್ದ ದೊಡ್ಡ ಸಹಕಾರ ಸಂಘಗಳು ಕೆಲವೆಡೆ ಒಡೆದವು. ಮುಖಂಡರ ಮೇಲೆ ಜನರಿಗೆ ನಂಬಿಕೆ ಉಳಿದಿರಲಿಲ್ಲ. 'ಸಾಲವನ್ನು ನಿಮಗೆ ಕಟ್ಟುತ್ತೇವೆ, ಆ ಸಂಘಕ್ಕೆ ಕಟ್ಟುವುದಿಲ್ಲ' ಎಂಬುದು ಸದಸ್ಯರ ನಿಲುವಾಗಿತ್ತು. ಸಂಸ್ಥೆಯವರು ಆ ಹಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಚಿಕ್ಕ ಗುಂಪುಗಳಾಗಿ ಸೇರಿ ಆ ಗುಂಪಿಗೇ ಹಣ ಕಟ್ಟುವಂತೆ ತಿಳಿಸಿದರು. ಹೀಗೆ ಹುಟ್ಟಿದ ಗುಂಪುಗಳಿಗೆ ಸಭೆ ನಡೆಸುವುದನ್ನು, ಪುಸ್ತಕ ಬರೆಯುವುದನ್ನು ಕಲಿಸಿದರು. 1987ರಲ್ಲಿ ನಬಾರ್ಡ್ ಈ ಕೆಲಸಕ್ಕೆ 10 ಲಕ್ಷ ರೂಪಾಯಿ ಅನುದಾನ ನೀಡಿತು. ಗುಂಪುಗಳ ತರಬೇತಿಗೆ ಮತ್ತು ಅವರ ಉಳಿತಾಯಕ್ಕೆ ಜೊತೆ ಸೇರಿಸಲು ಬಂದ ಹಣ ಅದು. ಉಳಿತಾಯ ಮೊದಲು ಬಂತು, ಅನುದಾನ ಆಮೇಲೆ ಬಂತು ಎಂಬುದನ್ನು ಗಮನಿಸಿ.

ಮುಂದೆ 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಅಂಗನವಾಡಿ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಸಂಘಗಳನ್ನು ಕಟ್ಟಿದರು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಆರಂಭವಾಯಿತು. ಕರ್ನಾಟಕದಲ್ಲಿ ಅದು 'ಸಂಜೀವಿನಿ' ಎಂಬ ಹೆಸರಿನಿಂದ ನಡೆಯುತ್ತಿದೆ. ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ದುಡಿಯುವ ಮುಖ್ಯ ಪುಸ್ತಕ ಬರಹಗಾರ್ತಿ, ತಾಲ್ಲೂಕಿನಿಂದ ಬರುವ ವಲಯ ಮೇಲ್ವಿಚಾರಕರು ನಾನು ಹೇಳುತ್ತಿರುವ ಕಾರ್ಯಕರ್ತರು. ಪುಸ್ತಕ ಬರಹಗಾರ್ತಿ ಬಹುಮಟ್ಟಿಗೆ ಅದೇ ಊರಿನ ಹೆಣ್ಣುಮಗಳು, ಸಂಘವೊಂದರ ಸದಸ್ಯೆ.

ಇವರು ಮಾಡುವುದೇನು? ಒಂದು ಸಂಘವನ್ನು ಕಲ್ಪಿಸಿಕೊಳ್ಳಿ. 12 ಜನ ಸದಸ್ಯರು, ವಾರಕ್ಕೆ ತಲಾ 20 ರೂಪಾಯಿ ಉಳಿತಾಯ. ವರ್ಷದಲ್ಲಿ 52 ವಾರ. ಒಟ್ಟು 12,480 ರೂಪಾಯಿ. ಇಷ್ಟು ಹಣದಲ್ಲಿ ಒಂದು ಒಳ್ಳೆಯ ಹಸು ಸಿಗುವುದು ಕಷ್ಟ. ಆದ್ದರಿಂದ ಹೊರಗಿನ ನೆರವು ಬೇಕು. ಯೋಜನೆಯ ಮೊದಲ ನೆರವು 'ಸುತ್ತುನಿಧಿ'. ಅದನ್ನು ಪಡೆಯಲು ಸಂಘವು ಪಂಚಸೂತ್ರ ಪಾಲಿಸಿರಬೇಕು: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತವಾಗಿ ಒಳಗೊಳಗೇ ಸಾಲ ಕೊಡುವುದು, ಸಕಾಲಕ್ಕೆ ಮರುಪಾವತಿ ಮತ್ತು ಸರಿಯಾದ ಪುಸ್ತಕ ನಿರ್ವಹಣೆ. ಇದಾದ ಮೇಲೆ ಸಂಘವು ತನ್ನದೇ ಯೋಜನೆಯನ್ನು ಸಿದ್ಧಪಡಿಸುತ್ತದೆ. ಪ್ರತಿ ಮನೆಯ ಆದಾಯವೆಷ್ಟು, ಖರ್ಚೆಷ್ಟು, ಯಾರ ಅಗತ್ಯ ಮೊದಲು ಎಂಬುದನ್ನು ಸಭೆಯಲ್ಲಿ ಕೂತು ನಿರ್ಧರಿಸುತ್ತಾರೆ. ಅದರ ಆಧಾರದ ಮೇಲೆ 'ಸಮುದಾಯ ಬಂಡವಾಳ ನಿಧಿ' ಬರುತ್ತದೆ. ಈ ನಿಧಿ ಒಕ್ಕೂಟಕ್ಕೆ ಅನುದಾನ, ಆದರೆ ಸಂಘಕ್ಕೆ ಸಾಲ. ಒಂದು ಸಂಘ ತೀರಿಸಿದರೆ ತಾನೇ ಇನ್ನೊಂದು ಸಂಘಕ್ಕೆ ಸಿಗುವುದು?

ಮಿತ್ರರೇ, ಇಲ್ಲಿಯೇ ಅಪಾಯವೂ ಇದೆ. ಹಣ ಬೇಗ ಬರಲಿ ಎಂಬ ಆತುರದಲ್ಲಿ ಆರು ತಿಂಗಳ ಸಭಾ ನಡಾವಳಿಯನ್ನು ಒಂದೇ ಸಂಜೆ, ಒಂದೇ ಪೆನ್ನಿನಿಂದ ಬರೆದಿಡಬಹುದು. ಬರೆಯಲು ಸುಲಭವೆಂದು ಹನ್ನೆರಡೂ ಜನರ ಹೆಸರಿನ ಮುಂದೆ 'ಹೈನುಗಾರಿಕೆ' ಎಂದು ತುಂಬಬಹುದು. ಊರಿನಲ್ಲಿ ಮೇವಿಲ್ಲ, ಹಾಲಿನ ಡೈರಿ ದೂರ. ಒಬ್ಬಾಕೆಗೆ ಬೇಕಾದದ್ದು ಹೊಲಿಗೆ ಯಂತ್ರ, ಇನ್ನೊಬ್ಬಾಕೆಗೆ ಬೇಕಾದದ್ದು ಮಗನ ಕಾಲೇಜು ಶುಲ್ಕ. ಅರ್ಜಿ ಮಂಜೂರಾಗುತ್ತದೆ, ನಿಜ. ಆದರೆ ಕಂತು ಕಟ್ಟುವ ದಿನ ಬಂದಾಗ ಹಸುವೂ ಇರುವುದಿಲ್ಲ, ಹಾಲೂ ಇರುವುದಿಲ್ಲ. ತನ್ನ ಹೆಸರಿನಲ್ಲಿ ಏನು ಬರೆದಿದೆ ಎಂಬುದೇ ತಿಳಿಯದ ತಾಯಿಯು ಆ ಸಾಲಕ್ಕೆ ಜವಾಬ್ದಾರಳಾಗುತ್ತಾಳೆ. ಸುಳ್ಳು ನಡಾವಳಿಯ ಬೆಲೆಯನ್ನು ತೆರುವುದು ಬರೆದವರಲ್ಲ, ಹೆಬ್ಬೆಟ್ಟು ಒತ್ತಿದವರು.

ಆದ್ದರಿಂದ ಒಳ್ಳೆಯ ಕಾರ್ಯಕರ್ತರನ್ನು ಎಷ್ಟು ಹಣ ತಂದರು ಎಂಬುದರಿಂದ ಮಾತ್ರ ಅಳೆಯಬಾರದು. ಅವರು ಬಾರದ ವಾರದಲ್ಲಿಯೂ ಸಭೆ ನಡೆಯುತ್ತದೆಯೇ? ಬರೆದದ್ದನ್ನು ಎಲ್ಲರಿಗೂ ಓದಿ ಹೇಳುತ್ತಾರೆಯೇ? ಪೆಟ್ಟಿಗೆಯಲ್ಲಿರುವ ಹಣವೆಷ್ಟೆಂದು ಓದುಬರಹ ಬಾರದ ಸದಸ್ಯೆಯೂ ಹೇಳಬಲ್ಲಳೇ? ಈ ಪ್ರಶ್ನೆಗಳಿಗೆ 'ಹೌದು' ಎಂಬ ಉತ್ತರ ಸಿಕ್ಕರೆ ಆ ಕಾರ್ಯಕರ್ತರು ಹಣಕ್ಕಿಂತ ದೊಡ್ಡದನ್ನು ತಂದುಕೊಟ್ಟಿದ್ದಾರೆ ಎಂದೇ ಅರ್ಥ.

ನೀವು ಓದಿದವರು. ನಾಳೆ ಊರಿನ ಸಂಘವೊಂದು 'ಒಂದು ಅರ್ಜಿ ಬರೆದುಕೊಡಪ್ಪಾ', 'ಸ್ವಲ್ಪ ಲೆಕ್ಕ ನೋಡಮ್ಮಾ' ಎಂದು ನಿಮ್ಮನ್ನು ಕೇಳಬಹುದು. ಸಂತೋಷದಿಂದ ಬರೆದುಕೊಡಿ. ಬರೆಯುವ ಮೊದಲು ಅವರನ್ನು ಕೇಳಿ, ಬರೆದ ಮೇಲೆ ಅವರಿಗೆ ಓದಿ ಹೇಳಿ. ಮುಂದಿನ ಸಲ ಪೆನ್ನನ್ನು ಅವರಲ್ಲೊಬ್ಬರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮ್ಮ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇಕೇ?