ಪಟ್ಟಣಕ್ಕೆ ಹೋದವರು ಎಲ್ಲಿ ಉಣ್ಣಬೇಕು?

ಮಂಗಳೂರಿನಿಂದ ಬೆಂಗಳೂರಿನ ಹೆದ್ದಾರಿ ಹಿಡಿದು ಸುಮಾರು 30 ಕಿಲೋಮೀಟರು ಬಂದರೆ ಕಲ್ಲಡ್ಕ ಸಿಕ್ಕುತ್ತದೆ. ಊರು ಚಿಕ್ಕದು. ಅದರ ಹೆಸರನ್ನು ದೂರದೂರಿಗೆ ಮುಟ್ಟಿಸಿದ್ದು ಒಂದು ಗಾಜಿನ ಲೋಟ. ಲೋಟದ ತಳದಲ್ಲಿ ಬಿಳಿಯ ಹಾಲು, ಅದರ ಮೇಲೆ ಕೆಂಪು ಚಹ. ಒಂದರಲ್ಲೊಂದು ಬೆರೆಯದೆ ಗೆರೆ ಎಳೆದಂತೆ ನಿಂತಿರುತ್ತವೆ. ಕೆ.ಟಿ., ಎಂದರೆ ಕಲ್ಲಡ್ಕ ಟೀ, ಎಂದು ಇದನ್ನು ಕರೆಯುವರು. 1952ರಲ್ಲಿ ಲಕ್ಷ್ಮೀನಾರಾಯಣ ಹೊಳ್ಳರು ಆರಂಭಿಸಿದ ಲಕ್ಷ್ಮೀ ನಿವಾಸವೆಂಬ ಹೋಟೆಲಿನಿಂದ ಇದು ಪ್ರಸಿದ್ಧಿಗೆ ಬಂದಿತು. ಇದರಲ್ಲಿ ಮಂತ್ರವೇನೂ ಇಲ್ಲ. ಗಟ್ಟಿ ಹಾಲಿಗೆ ಸಕ್ಕರೆ ಸೇರಿದಾಗ ಅದು ಚಹದ ನೀರಿಗಿಂತ ಭಾರವಾಗುತ್ತದೆ. ಮೇಲಿನಿಂದ ಕೈ ನಡುಗದಂತೆ ಡಿಕಾಕ್ಷನ್ನನ್ನು ಬಿಟ್ಟರೆ ಅದು ಮೇಲೆಯೇ ನಿಲ್ಲುತ್ತದೆ. ಆದರೆ ಹಾಲು ನೀರಾಗಿದ್ದರೆ ಈ ಆಟ ನಡೆಯುವುದಿಲ್ಲ.

ಪಟ್ಟಣದ ಊಟದ ವಿಚಾರವನ್ನು ಹಳ್ಳಿಯ ಚಹದಿಂದ ಆರಂಭಿಸಿದ್ದಕ್ಕೆ ಕಾರಣವುಂಟು. ಓದುವ ದಿನಗಳಲ್ಲಿ ನಾನು ಮೊದಲ ಸಲ ಬೆಂಗಳೂರಿಗೆ ಹೋದಾಗ, ಬಸ್ಸಿನಿಂದಿಳಿದ ಕೂಡಲೇ ಅತ್ಯಂತ ದೊಡ್ಡ ಬೋರ್ಡಿನ ಹೋಟೆಲನ್ನು ಆರಿಸಿ ಒಳಹೊಕ್ಕೆ. ದೀಪಗಳು ಝಗಝಗಿಸುತ್ತಿದ್ದುವು, ಗೋಡೆಯ ತುಂಬ ಕನ್ನಡಿಗಳಿದ್ದುವು. ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ನನ್ನ ಶುಶ್ರೂಷೆಗೆ ನಿಂತ ಸೋದರಮಾವ ಕೇಳಿದ್ದು ಒಂದೇ ಮಾತು: “ಬೋರ್ಡು ನೋಡಿದೆ, ಕನ್ನಡಿ ನೋಡಿದೆ, ಅಡುಗೆಮನೆ ನೋಡಿದೆಯಾ ಮಾರಾಯ?” ಹೊಟ್ಟೆನೋವಿನಲ್ಲಿ ಅದು ಹಾಸ್ಯವಾಗಿ ತೋರಲಿಲ್ಲ.

ಮಾವನ ಪ್ರಶ್ನೆಗೆ ಬೆಂಗಳೂರಿನ ಹೋಟೆಲೊಂದು ಬಹಳ ಹಿಂದೆಯೇ ಉತ್ತರ ಕೊಟ್ಟಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಕೋಟದ ಸಮೀಪದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಅಲ್ಲೊಂದು ಉಪಾಹಾರಗೃಹವನ್ನು ತೆರೆದರು. ಅದೇ ಇಂದು ಲಾಲ್‌ಬಾಗ್ ರಸ್ತೆಯಲ್ಲಿರುವ ಮಾವಳ್ಳಿ ಟಿಫಿನ್ ರೂಮ್ಸ್. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದರು. ಬಂದಮೇಲೆ ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಏರ್ಪಾಡಾಯಿತು. ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡೇ ಊಟಕ್ಕೆ ಹೋಗುವ ಪದ್ಧತಿ ಬಂದಿತು. ಬೇಯುವ ಸಾರನ್ನು ತೋರಿಸಿ ಆಮೇಲೆ ಬಡಿಸುವುದೆಂದರೆ ಸಣ್ಣ ಧೈರ್ಯವಲ್ಲ. ಅಲ್ಲಿಯ ರವೆ ಇಡ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವದಿಂದ ಹುಟ್ಟಿತೆಂದು ಹೇಳುತ್ತಾರೆ. ಅಕ್ಕಿ ಸಾಕಷ್ಟು ಸಿಕ್ಕುವ ಕಾಲದಲ್ಲಿಯೂ ಜನ ಅದನ್ನು ಬಿಡಲಿಲ್ಲ.

ಆದರೆ ಅಡುಗೆಮನೆಯೊಂದನ್ನು ನೋಡಿದರೆ ಸಾಲದು. ಆ ಹೋಟೆಲಿನ ಮೊದಲಿನ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂದಿತ್ತು. ಆ ಕಾಲದ ಪಟ್ಟಣಗಳಲ್ಲಿ ಅಂತಹ ಹೆಸರು ಸಾಮಾನ್ಯವಾಗಿತ್ತು. ಯಾರು ಒಳಗೆ ಕುಳಿತುಕೊಳ್ಳಬೇಕು, ಯಾರು ಹೊರಗೆ ನಿಲ್ಲಬೇಕು ಎಂಬುದನ್ನು ಅನೇಕ ಕಡೆ ಜಾತಿ ನಿರ್ಣಯಿಸುತ್ತಿತ್ತು. ಹಸಿದು ಪರಸ್ಥಳಕ್ಕೆ ಬಂದವನಿಗೆ ‘ಎಲ್ಲಿ ಉಣ್ಣಲಿ?’ ಎಂಬುದಕ್ಕಿಂತ ‘ಎಲ್ಲಿ ಉಣ್ಣಗೊಡಿಸುವರು?’ ಎಂಬ ಚಿಂತೆಯೇ ದೊಡ್ಡದಾಗಿದ್ದ ದಿನಗಳವು. ನಮ್ಮ ಸೀಮೆಯವರಿಗೆ ಈ ಮಾತು ಕೊಂಚ ಇರಿಯಬೇಕು. ಬೆಳ್ತಂಗಡಿಯ ಕಡೆಯ ಧರ್ಮಸ್ಥಳದಲ್ಲಿ ಬಂದವರಿಗೆಲ್ಲ ಬೆಲೆಯಿಲ್ಲದೆ ಅನ್ನ ದೊರೆಯುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಪಂಕ್ತಿಭೇದವನ್ನು ಬಹುಕಾಲ ಸಾಕಿಕೊಂಡು ಬಂದವರೂ ನಾವೇ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲುಗಳ ಹೆಸರನ್ನೇ ಎತ್ತಿ ಈ ಭೇದವನ್ನು ನಿಷೇಧಿಸಿತು. ಅಸ್ಪೃಶ್ಯತೆಯ ಹೆಸರಿನಲ್ಲಿ ಬಾಗಿಲು ಮುಚ್ಚುವವರಿಗೆ 1955ರ ಕಾಯಿದೆ ಶಿಕ್ಷೆಯನ್ನು ವಿಧಿಸಿತು.

ಈ ದೃಷ್ಟಿಯಿಂದ ನನಗೆ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ದರ್ಶಿನಿಗಳ ಮೇಲೆ ವಿಶೇಷ ಅಭಿಮಾನ. ದುಡ್ಡು ಕೊಟ್ಟು ಚೀಟಿ ಪಡೆದು, ಎದುರಿಗೇ ಹುಯ್ಯುವ ದೋಸೆಯನ್ನು ನೋಡುತ್ತ ನಿಂತು ತಿನ್ನುವ ಸ್ಥಳಗಳು ಇವು. ಕುರ್ಚಿಯಿಲ್ಲವೆಂದು ಹಿರಿಯರು ಗೊಣಗುವುದು ನ್ಯಾಯವೇ. ಮೊಣಕಾಲು ನೋಯುವವರು ಅಲ್ಲಿಗೆ ಹೋಗಬಾರದು. ಆದರೆ ಗುಮಾಸ್ತನೂ ಗಾಡಿ ಹೊಡೆಯುವವನೂ ಒಂದೇ ಕಟ್ಟೆಯ ಮೇಲೆ ತಟ್ಟೆಯಿಟ್ಟು ತಿನ್ನುವಾಗ ಯಾರು ಯಾರ ಮನೆಯವರೆಂದು ಕೇಳಲು ಅವಕಾಶವೆಲ್ಲಿ? ಕುಳಿತೇ ತಿನ್ನಬೇಕೆಂಬವರಿಗೆ ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನವಿದೆ. ಭಾನುವಾರ ಹೋದರೆ ಹೊರಗಿನ ಕಾಲಕ್ಷೇಪಕ್ಕೆ ಪುಸ್ತಕವೊಂದನ್ನು ಒಯ್ಯುವುದು ಒಳ್ಳೆಯದು. ಮುಂಬಯಿಗೆ ಹೋದವರು ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮುಂದೆ ಕುಳಿತುಕೊಳ್ಳಬಹುದು.

ನೋಡಬೇಕಾದ ಇನ್ನೊಂದು ಉಂಟು. ಅದನ್ನು ನೋಡುವವರು ಕಡಿಮೆ. ಕಲ್ಲಡ್ಕದ ಮುಂದಿನ ಊರಿನ ಹೆಸರು ಮಾಣಿ. ಹೋಟೆಲಿನಲ್ಲಿ ತಿಂಡಿ ತಂದಿಡುವವನಿಗೂ ಅದೇ ಹೆಸರು. ಊರಿಗೂ ಇವನಿಗೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಕೆಲವು ಮನೆಮಾತುಗಳಲ್ಲಿ ಮಾಣಿಯೆಂದರೆ ಹುಡುಗ. ಆ ಹೆಸರು ಬಂದುದೇ ಮೇಜು ಒರಸುತ್ತಿದ್ದವರು ನಿಜವಾಗಿ ಹುಡುಗರಾಗಿದ್ದುದರಿಂದ. ಶಾಲೆಯನ್ನು ಬಿಟ್ಟು, ಘಟ್ಟ ಹತ್ತಿ, ಹಿಟ್ಟು ರುಬ್ಬಿ ಅಲ್ಲೇ ಚೀಲ ಹಾಸಿ ಮಲಗಿದ ಮಕ್ಕಳು ಅವರು. ಮುಂಬಯಿಯಲ್ಲಿ ಅಂತಹವರಿಗಾಗಿ ಕನ್ನಡದ ರಾತ್ರಿಶಾಲೆಗಳು ನಡೆದುವು. ಅಲ್ಲಿ ಓದಿ ಮುಂದೆ ಬಂದವರುಂಟು, ಹೆಸರಿಲ್ಲದೆ ಸವೆದುಹೋದವರು ಅವರಿಗಿಂತ ಹೆಚ್ಚು. ಹೋಟೆಲುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದುದು 2006ರ ಅಕ್ಟೋಬರಿನಲ್ಲಿ. ಲೋಟವನ್ನು ತಂದಿಟ್ಟ ಕೈ ಎಳೆಯದಾಗಿ ಕಂಡರೆ, ಚಹ ಎಷ್ಟೇ ಚೆನ್ನಾಗಿರಲಿ, ನಾನು ಮತ್ತೆ ಆ ಹೋಟೆಲಿಗೆ ಹೋಗುವುದಿಲ್ಲ.

ಈಗ ಬೆಂಗಳೂರಿನಲ್ಲಿಯೂ ಕೆಲವೆಡೆ ಕೆ.ಟಿ. ಎಂಬ ಹೆಸರಿನಲ್ಲಿ ಚಹವನ್ನು ಮಾರುತ್ತಾರೆ. ತಂದಿಟ್ಟೊಡನೆ ಕಲಕಬೇಡಿ, ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನ ಗೆರೆ ನೆಟ್ಟಗಿದ್ದರೆ ಕುಡಿಯಿರಿ. ಗೆರೆಯೇ ಇಲ್ಲದಿದ್ದರೆ ದುಡ್ಡು ಕೊಡುವ ಮೊದಲು ಹಾಲಿನ ವಿಚಾರವನ್ನು ಕೇಳಬಹುದು.