ಹಳೆಯ ಕಿಟಕಿ ಗಾಜಿನಿಂದ ಸೌರ ಪೆಟ್ಟಿಗೆ

(ಕ್ಯಾಸಂಬಳ್ಳಿಯಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ನಿಮ್ಮ ನೆರೆಯ ಚಿನ್ನದ ಗಣಿಗೆ ಬಂತು. ಗಣಿ 2001ರಲ್ಲಿ ಮುಚ್ಚಿತು. ಆದರೆ ಯಾವ ತಂತಿಯೂ ಇಲ್ಲದೆ ನಮ್ಮ ಅಂಗಳಕ್ಕೇ ಬಂದು ಬೀಳುವ ಶಕ್ತಿಯೊಂದಿದೆ, ಅದೇ ಬಿಸಿಲು. ಕೋಲಾರ ಜಿಲ್ಲೆಯಲ್ಲಿ ಸದಾ ಹರಿಯುವ ನದಿಯಿಲ್ಲ, ಬಿಸಿಲಿಗೆ ಮಾತ್ರ ಬರವಿಲ್ಲ.

ಗುಜರಿ ಸಾಮಾನಿನಿಂದ ಮನೆಯಲ್ಲೇ ಸೌರ ಫಲಕ ಮಾಡಬಹುದೇ ಎಂದು ಹಲವರು ಕೇಳಿದ್ದೀರಿ. ಫಲಕಗಳಲ್ಲಿ ಎರಡು ಬಗೆ. ಒಂದು ವಿದ್ಯುತ್ ಕೊಡುವುದು, ಇನ್ನೊಂದು ಶಾಖ ಹಿಡಿಯುವುದು. ವಿದ್ಯುತ್ ಫಲಕದ ಒಂದೊಂದು ಬಿಲ್ಲೆಯಿಂದ ದೊರೆಯುವುದು ಸುಮಾರು ಅರ್ಧ ವೋಲ್ಟ್ ಮಾತ್ರ. 12 ವೋಲ್ಟಿನ ಬ್ಯಾಟರಿ ತುಂಬಲು ಸಾಮಾನ್ಯವಾಗಿ 36 ಬಿಲ್ಲೆಗಳನ್ನು ಸಾಲಾಗಿ ಬೆಸೆದು, ಗಾಳಿ ತೇವ ನುಸುಳದಂತೆ ಗಾಜಿನಡಿ ಮುಚ್ಚಬೇಕು. ಒಡೆದ ಫಲಕದ ಚೂರುಗಳನ್ನು ಮನೆಯಲ್ಲಿ ಜೋಡಿಸಿದರೆ ತೇವ ಸೇರಿ ಬೆಸುಗೆ ತುಕ್ಕು ಹಿಡಿಯುತ್ತದೆ. ಬೆಸುಗೆ ಸಡಿಲವಾದಲ್ಲಿ ಕಾದು ಬೆಂಕಿಯ ಭಯವೂ ಉಂಟು. ಆ ಬೆಸುಗೆಯಲ್ಲಿ ಸೀಸವಿರುವುದರಿಂದ ಹಳೆಯ ಫಲಕಗಳನ್ನು ಒಡೆಯಲೂ ಬಾರದು. ವಿದ್ಯುತ್ ಬೇಕಾದವರು ಕಾರ್ಖಾನೆಯ ಫಲಕವನ್ನೇ ಕೊಳ್ಳುವುದು ಕ್ಷೇಮ.

ಶಾಖ ಹಿಡಿಯುವ ಫಲಕದ ಮಾತು ಬೇರೆ. ಅದಕ್ಕೆ ಬೇಕಾದ್ದು ಗಾಜು, ಕಪ್ಪು ತಗಡು, ಹಲಗೆ ಇಷ್ಟೇ. ಗಾಜಿನ ಮೂಲಕ ಒಳಹೊಕ್ಕ ಬಿಸಿಲನ್ನು ಕಪ್ಪು ತಗಡು ಹೀರಿ ಕಾಯುತ್ತದೆ. ಆ ಶಾಖ ಸುಲಭವಾಗಿ ಹೊರಹೋಗದಂತೆ ಗಾಜು ತಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಇದರ ಮೊದಲ ಉಪಯೋಗ ಟೊಮೇಟೊ ಒಣಗಿಸುವುದಕ್ಕೆ. 2023ರ ಜುಲೈಯಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಹಣ್ಣು ಕೀಳುವ ಕೂಲಿಗೂ ಸಾಲದೆ ರಸ್ತೆಬದಿಗೆ ಬೀಳುವುದನ್ನೂ ನೀವು ಕಂಡಿದ್ದೀರಿ.

ಕಟ್ಟುವ ವಿಧಾನ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಲಗೆಯ ಪೆಟ್ಟಿಗೆ ಮಾಡಿಕೊಳ್ಳಿ. ಮುಂಬದಿ ದಕ್ಷಿಣಕ್ಕಿರಲಿ. ಹಿಂಬದಿ ಮುಂಬದಿಗಿಂತ ಸುಮಾರು 25 ಸೆಂ.ಮೀ. ಎತ್ತರವಿರಲಿ. ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಾದ್ದರಿಂದ ಈ ಇಳಿಜಾರು ಸಾಕು. ತಳಕ್ಕೆ ಒಣಹುಲ್ಲು ಅಥವಾ ತೆಂಗಿನ ನಾರನ್ನು 5 ಸೆಂ.ಮೀ. ದಪ್ಪಕ್ಕೆ ಒತ್ತಿ, ಮೇಲೆ ಎಣ್ಣೆ ಡಬ್ಬ ಬಿಡಿಸಿದ ತಗಡನ್ನು ಹಾಸಿ. ತಗಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ವಾಸನೆ ಹೋಗುವವರೆಗೆ ಕೆಲವು ದಿನ ಬರಿದೇ ಬಿಸಿಲಿಗಿಡಿ. ಮೇಲ್ಮುಚ್ಚಳಕ್ಕೆ ಹಳೆಯ ಕಿಟಕಿಯ ಗಾಜು. ತಗಡಿನಿಂದ 10 ಸೆಂ.ಮೀ. ಮೇಲೆ ಬಿದಿರಿನ ಚೌಕಟ್ಟಿಗೆ ಬಿಗಿದ ನೈಲಾನ್ ಬಲೆಯ ತಟ್ಟೆ ಇರಲಿ. ಸತುವಿನ ಲೇಪದ ಕಬ್ಬಿಣದ ಜಾಲರಿ ಬೇಡ. ಟೊಮೇಟೊ ಹುಳಿ ಸತುವನ್ನು ಕರಗಿಸುತ್ತದೆ. ಕೀಟನಾಶಕದ ಡಬ್ಬಗಳನ್ನು ಎಷ್ಟೇ ತೊಳೆದರೂ ಬಳಸಕೂಡದು.

ಇನ್ನು ಗಾಳಿಕಿಂಡಿ. ನಾನು ಮೊದಲ ಪೆಟ್ಟಿಗೆ ಕಟ್ಟಿದಾಗ ಶಾಖ ಪೋಲಾಗಬಾರದೆಂದು ಒಂದು ಕಿಂಡಿಯನ್ನೂ ಬಿಡಲಿಲ್ಲ. ಸಂಜೆಗೆ ಗಾಜಿನ ಒಳಗೆಲ್ಲ ನೀರು ತೊಟ್ಟಿಕ್ಕುತ್ತಿತ್ತು, ಮೂರನೆಯ ಬೆಳಗ್ಗೆ ಹೋಳುಗಳಿಗೆ ಬಿಳಿ ಬೂಷ್ಟು. ನೋಡಲು ಬಂದ ರೈತ ಮಹಿಳೆಯೊಬ್ಬರು, “ಸ್ವಾಮಿ, ಇದು ಒಣಗಿಸೋ ಪೆಟ್ಟಿಗೆಯಲ್ಲ, ಬೇಯಿಸೋ ಪೆಟ್ಟಿಗೆ” ಎಂದರು. ಅವರ ಮಾತೇ ಸರಿ. ಒಣಗಿಸುವುದು ಶಾಖವೊಂದೇ ಅಲ್ಲ. ತೇವವನ್ನು ಹೊತ್ತೊಯ್ಯುವ ಗಾಳಿಯೂ ಬೇಕು. ಆದ್ದರಿಂದ ಮುಂಬದಿಯ ಕೆಳಗೆ ಒಂದು ಸಾಲು ತೂತು, ಹಿಂಬದಿಯ ಮೇಲೆ ಅಡ್ಡಕ್ಕೆ 5 ಸೆಂ.ಮೀ. ಸೀಳು ಬಿಟ್ಟು, ಎರಡಕ್ಕೂ ಸೊಳ್ಳೆಪರದೆ ಕಟ್ಟಿ.

ಒಣಗಿಸುವುದು

ಗಟ್ಟಿಯಾದ ಕೆಂಪು ಹಣ್ಣನ್ನು ತೊಳೆದು, 6ರಿಂದ 8 ಮಿ.ಮೀ. ಹೋಳು ಮಾಡಿ, ಒಂದರ ಮೇಲೊಂದು ಬೀಳದಂತೆ ಹರಡಿ. ಒಳಗಿನ ಶಾಖ 55ರಿಂದ 65 ಡಿಗ್ರಿ ಸೆಲ್ಸಿಯಸ್ ಇರಲಿ. ಹೆಚ್ಚಾದರೆ ಮೇಲ್ಪದರ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ. ಆಗ ಮುಚ್ಚಳವನ್ನು ತುಸು ಎತ್ತಿಡಿ. ರಾತ್ರಿ ತಟ್ಟೆಯನ್ನು ಒಳಗೆ ತಂದು ಮುಚ್ಚಿಡಬೇಕು, ಇಲ್ಲವಾದರೆ ಒಣಗಿದ್ದು ಮತ್ತೆ ತೇವ ಎಳೆಯುತ್ತದೆ. ಮುರಿದರೆ ಚಟಕ್ಕನೆ ಮುರಿಯುವಂತಾದ ಮೇಲೆ ತಣಿಸಿ, ಗಾಳಿಯಾಡದ ಡಬ್ಬದಲ್ಲಿ ಕತ್ತಲೆಯಲ್ಲಿಡಿ. ಪುಡಿ ಮಾಡಿಯೂ ಇಡಬಹುದು.

ಎಷ್ಟು ಒಣಗೀತು?

ಲೆಕ್ಕ ಸರಳ. ತಿಳಿಯಾದ ದಿನ ಒಂದು ಚದರ ಮೀಟರಿಗೆ 5ರಿಂದ 6 ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು ಮುಕ್ಕಾಲು ಯೂನಿಟ್ ಬೇಕು. ಬಿದ್ದ ಬಿಸಿಲಿನ ಮೂರನೆಯ ಒಂದು ಭಾಗ ಕೆಲಸಕ್ಕೆ ಬಂದರೆ ದಿನಕ್ಕೆ ಎರಡು, ಎರಡೂವರೆ ಕೆ.ಜಿ. ನೀರು ಹೋಗುತ್ತದೆ. ಟೊಮೇಟೊದಲ್ಲಿ ನೀರೇ ಶೇಕಡ 94ರಷ್ಟು. ಆದ್ದರಿಂದ ಒಮ್ಮೆಗೆ 4ರಿಂದ 5 ಕೆ.ಜಿ. ಹಣ್ಣು ಹಾಕಿದರೆ ಎರಡು ದಿನ ಬೇಕು. 15 ಕೆ.ಜಿ.ಯ ಒಂದು ಪೆಟ್ಟಿಗೆ ಹಣ್ಣಿಗೆ ಇಂಥ ಮೂರು ಸೌರ ಪೆಟ್ಟಿಗೆ ಬೇಕು. ಕೊನೆಗೆ ಕೈಗೆ ಬರುವುದು ಒಂದು ಕೆ.ಜಿ.ಯ ಒಳಗೆ.

ಹಾಗಾಗಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಬಿದ್ದ ಬೆಲೆಯನ್ನು ಈ ಪೆಟ್ಟಿಗೆ ಎತ್ತಲಾರದು, ಲಾರಿಗಟ್ಟಲೆ ಹಣ್ಣನ್ನೂ ಉಳಿಸಲಾರದು. ಆದರೆ ನೀವೇ ಬೆಳೆದದ್ದನ್ನು ಬೆಲೆ ಏರಿದಾಗ ಅಂಗಡಿಯಲ್ಲಿ ಕೊಳ್ಳುವ ದುರವಸ್ಥೆ ತಪ್ಪೀತು. ಹತ್ತು ಮನೆಯ ತಾಯಂದಿರು ಸೇರಿ ಹತ್ತಾರು ಪೆಟ್ಟಿಗೆ ಕಟ್ಟಿದರೆ ಸಂತೆಗೆ ಒಯ್ಯುವಷ್ಟು ಪುಡಿಯೂ ಆದೀತು. ಟೊಮೇಟೊ ಇಲ್ಲದ ದಿನಗಳಲ್ಲಿ ಮೆಣಸಿನಕಾಯಿ, ಮಾವಿನ ಹೋಳು ಇವೆ. ಮೊದಲು ಒಂದೇ ಒಂದು ಕಟ್ಟಿ ನೋಡಿ. ಕಿಂಡಿ ಬಿಡುವುದನ್ನು ಮಾತ್ರ ನನ್ನ ಹಾಗೆ ಮರೆಯಬೇಡಿ.